ಗೋಡೆಯ ಆಚೆ ಕೇಳಿದ ಚೀರು

ಡ್ರಿಲ್ಲಿನ ಕಡ್ಡಿ ಸರ್ರನೆ ಗೋಡೆಯೊಳಗೆ ಪೂರ್ತಿ ಹೊಕ್ಕಿತು. ಅದೇ ಗಳಿಗೆಯಲ್ಲಿ ಆಚೆಯಿಂದ ಹೆಂಗಸೊಬ್ಬರು ಚೀರಿದರು.

ತಮಿಳುನಾಡಿನ ಕಡಯಂಪಟ್ಟಿಯ ನಮ್ಮ ಮನೆಗೂ ಪಕ್ಕದ ರಂಗಮ್ಮಕ್ಕನ ಮನೆಗೂ ನಡುವೆ ಇರುವುದು ಒಂದೇ ತೆಳು ಗೋಡೆ. ಅತ್ತೆಯವರು ನೆಲದಿಂದ ಏಳುವಾಗ ಹಿಡಿದುಕೊಳ್ಳಲೆಂದು ಅದಕ್ಕೊಂದು ಕಬ್ಬಿಣದ ಹಿಡಿ ಕೂರಿಸುತ್ತಿದ್ದೆ. ನನ್ನ ಹಳೆಯ ಬ್ಯಾಟರಿ ಡ್ರಿಲ್ ಆ ಗೋಡೆಯಲ್ಲಿ ಮುಂದೆ ಹೋಗದೆ ನಿಂತುಬಿಡುತ್ತಿತ್ತು. ಅದಕ್ಕೇ ಹೆಚ್ಚು ಬಲದ ಹೊಸದನ್ನು ತಂದಿದ್ದೆ. ಅಭ್ಯಾಸಬಲದಿಂದ ಅದನ್ನೂ ಮೈಭಾರವೆಲ್ಲ ಹಾಕಿ ಒತ್ತಿದ್ದೆ.

ರಂಗಮ್ಮಕ್ಕ ದಿನವೂ ಸಂಜೆ ಅದೇ ಗೋಡೆಗೆ ಒರಗಿ ಹೂ ಕಟ್ಟುತ್ತಾರೆಂಬುದು ಆಗ ನೆನಪಾಯಿತು. ಕಡ್ಡಿಯನ್ನು ಹೊರಗೆಳೆಯಲು ಧೈರ್ಯ ಬರಲಿಲ್ಲ. ತುದಿಯಲ್ಲಿ ರಕ್ತ ಕಂಡರೆ? ಡ್ರಿಲ್ಲನ್ನು ಗೋಡೆಯಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದೆ. ಅವರ ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. "ಅಕ್ಕಾ, ಅಕ್ಕಾ" ಎಂದು ಕೂಗುತ್ತ ಬಡಿಯುತ್ತಲೇ ಇದ್ದೆ.

ಕೊನೆಗೆ ಬಾಗಿಲು ತೆರೆಯಿತು. ಅವರ ನರೆಗೂದಲ ಮೇಲೆ, ಹೆಗಲ ಮೇಲೆ ಕೆಂಪು. ನಾನು ಕಿರುಚಿಯೇಬಿಟ್ಟೆ. ಅದು ಇಟ್ಟಿಗೆಯ ಪುಡಿ ಎಂದು ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು.

"ಒಣ್ಣುಮಿಲ್ಲೆ ಕಣಮ್ಮ, ನಂಗೇನೂ ಆಗ್ಲಿಲ್ಲ. ನೂಲುಂಡೆ ಬಿತ್ತು ಅಂತ ಬಗ್ಗಿದ್ದೆ, ನಿನ್ ಕಡ್ಡಿ ತಲೆ ಮ್ಯಾಗ್ಲಿಂದ ಓಯ್ತು" ಎಂದರು. ಆಮೇಲೆ ನನ್ನನ್ನು ನೋಡಿ, "ಒಳಕ್ ಬಾ, ತಣ್ಣಿ ಕುಡಿ" ಎಂದು ತೋಳು ಹಿಡಿದು ಕೂರಿಸಿ, ನೀರಿನ ಚೊಂಬು ಕೈಗಿಟ್ಟರು.

ಈಗ ಗೋಡೆ ಕೊರೆಯುವ ಮುನ್ನ ಅವರನ್ನು ಹೊರಗೆ ಜಗುಲಿಯಲ್ಲಿ ಕೂರಿಸಿಯೇ ಬರುತ್ತೇನೆ. ಆದರೂ ಸ್ವಿಚ್ಚು ಒತ್ತುವಾಗ ಬೆರಳು ಹಿಂಜರಿಯುತ್ತದೆ.