ಏಳನೇ ಗೂಟದ ಮೀನುಗಳು

ಅಳಿವೆಯ ಆಸುಪಾಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಹಲಗೆಯಣ್ಣ ಎಂದು. ಮೀನುಗಾರಿಕೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ಒಂದೇ ಕೆಲಸ: ತಿಂಗಳಿಗೊಮ್ಮೆ ನೀರಿನಲ್ಲಿ ನೆಟ್ಟ ಒಂಬತ್ತು ಗೂಟಗಳ ಬಳಿ ಬಲೆ ಬೀಸುವುದು, ಬಿದ್ದ ಮೀನನ್ನು ಅಂಕಿ ಕೊರೆದ ಹಲಗೆಯ ಮೇಲೆ ಮಲಗಿಸಿ ಮೂತಿಯಿಂದ ಬಾಲದವರೆಗೆ ಅಳೆಯುವುದು, ಪುಸ್ತಕದಲ್ಲಿ ಬರೆದುಕೊಂಡು ಮತ್ತೆ ನೀರಿಗೆ ಬಿಡುವುದು. ಎಲ್ಲಿ ಬಲೆ ಹಾಕಬಹುದು, ಎಲ್ಲಿ ಮರಿಗಳು ಬೆಳೆಯಲು ಬಿಡಬೇಕು ಎಂದು ಮೇಲಿನವರು ತೀರ್ಮಾನಿಸುತ್ತಿದ್ದದ್ದು ಆ ಪುಸ್ತಕ ನೋಡಿಯೇ. ಮನುಷ್ಯ ಕೆಟ್ಟವನಲ್ಲ, ಸುಳ್ಳು ಯಾಕೆ ಹೇಳಲಿ.

ಆದರೆ ಏಳನೇ ಗೂಟ ಇದ್ದದ್ದು ಹೊಳೆಯ ಕೆಸರಿನ ಕವಲಿನಲ್ಲಿ. ಇಲಾಖೆಯ ದೋಣಿ ಅಲ್ಲಿಗೆ ಹೋಗದು. ತೊಡೆಯವರೆಗೆ ಹೂತುಕೊಂಡು ನಡೆಯಬೇಕು. ಒಂದು ತಿಂಗಳು ಬೇಸರ ಬಂದು, ಆರನೇ ಗೂಟದ ಅಂಕಿಗಳನ್ನೇ ಅತ್ತಿತ್ತ ಮಾಡಿ ಏಳಕ್ಕೂ ಬರೆದ. ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಕುತ್ತಾಯಿತು ನೋಡಿ, ಮೂರು ವರ್ಷ ಅದೇ ಚಾಳಿ! ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅನುಮಾನ ಬಾರದಿರಲೆಂದು ಒಂದೆರಡು ಮೀನಿನ ಮುಂದೆ 'ಬಾಲ ತುಂಡಾಗಿದೆ' ಎಂದೂ ಸೇರಿಸುತ್ತಿದ್ದ. ಪುಸ್ತಕದಲ್ಲಿ ಕಂಡದ್ದೆಲ್ಲ ಬೆಳೆದ ಮೀನುಗಳೇ, ಅದನ್ನು ನಂಬಿ ಇಲಾಖೆ ಕವಲಿನಲ್ಲೂ ಬಲೆ ಹಾಕಲು ಬಿಟ್ಟಿತು. ಮರಿಗಳು ಬೆಳೆಯುತ್ತಿದ್ದ ಜಾಗವೇ ಅದು.

ಎರಡು ವರ್ಷ ಬಲೆಗಳು ಖಾಲಿ ಬಂದ ಮೇಲೆ ಮೀನುಗಾರರು ಅರ್ಜಿ ಹಿಡಿದು ಇಲಾಖೆಗೆ ಬಂದರು: ಕವಲನ್ನು ಬಲೆಗೆ ಮುಚ್ಚಿ, ಇಲ್ಲದಿದ್ದರೆ ಇರುವ ನಾಲ್ಕು ಮರಿಯೂ ಹೋಗುತ್ತವೆ. ಮುಂದೆ ನಿಂತವನು ಹಲಗೆಯಣ್ಣನ ಅಕ್ಕನ ಗಂಡ.

ಅಧಿಕಾರಿ ಮೇಡಂ ಪುಸ್ತಕ ತಿರುವಿದರು. "ಮೀನಿಲ್ಲ ಅಂದ್ರೆ ಹೇಗೆ? ಹೋದ ತಿಂಗಳು ಏಳನೇ ಗೂಟದಲ್ಲಿ ಅರವತ್ತೆರಡು ಬೆಳೆದ ಮೀನು ಸಿಕ್ಕಿವೆ. ಇದನ್ನಿಟ್ಕೊಂಡು ನಾನು ಮುಚ್ಚೋಕಾಗಲ್ಲ."

"ಪುಸ್ತಕಾನೇ ಸುಳ್ಳು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಬಾವ ಉರಿದುಬಿದ್ದ. "ಬಾಯಿ ಮುಚ್ಚೋ! ನನ್ನ ಬಾಮೈದ ಬರೆದದ್ದು ಅದು. ಅವನು ಇದೆ ಅಂದ್ರೆ ಇದೆ. ಹಿಡಿಯೋಕೆ ನಮಗೇ ಬರ್ತಿಲ್ಲ, ಅಷ್ಟೇ." ಮೇಡಂ ಕಡೆ ತಿರುಗಿ, "ಅರ್ಜಿ ವಾಪಸ್ ತಗೋತೀವಿ," ಎಂದು ಕೈಚಾಚಿದ.

ಹಲಗೆಯಣ್ಣ ಬೀರುವಿನ ಪಕ್ಕ ನಿಂತಿದ್ದ. ಮುಖಕ್ಕೆ ಉಗಿದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಅವನ ಕೆಲಸ ಉಳಿಯುತ್ತಿತ್ತು, ಬಾವನ ಕಣ್ಣಲ್ಲಿ ಮರ್ಯಾದೆಯೂ ಉಳಿಯುತ್ತಿತ್ತು. ಮೀನು ಮಾತ್ರ ಉಳಿಯುತ್ತಿರಲಿಲ್ಲ.

"ಬಾವ, ವಾಪಸ್ ತಗೋಬೇಡಿ," ಎಂದ. "ನಾನು ಏಳನೇ ಗೂಟಕ್ಕೆ ಹೋಗಿ ಮೂರು ವರ್ಷ ಆಯ್ತು. ಅಲ್ಲಿರೋದೆಲ್ಲ ಕೂತಲ್ಲೇ ಬರೆದದ್ದು."

ಮೇಡಂ ಪೆನ್ನು ತೆಗೆದರು. "ಕವಲು ಮುಚ್ಚೋಕೆ ಇವತ್ತೇ ಬರೀತೀನಿ. ನಿಮ್ಮ ಮೇಲೂ ಬರೀಬೇಕಾಗುತ್ತೆ."

"ಬರೀರಿ ಮೇಡಂ."

ಹೊರಗೆ ಮೆಟ್ಟಿಲ ಮೇಲೆ ಬಾವ ಕುಳಿತಿದ್ದ. ಬೈದಿದ್ದರೆ ಹಲಗೆಯಣ್ಣ ಬದುಕಿಕೊಳ್ಳುತ್ತಿದ್ದ, ಬಾವ ಬೈಯಲಿಲ್ಲ. ಪಕ್ಕದಲ್ಲಿ ಕೂರಲು ಜಾಗ ಬಿಟ್ಟು, ಮೆಲ್ಲಗೆ ಹೇಳಿದ:

"ಮೀನಿದೆ ಅಂತ ನೀನು ಬರೀತಿದ್ದೆ, ನನ್ನ ಬಲೆಗೆ ಬೀಳ್ತಿರಲಿಲ್ಲ. ನನಗೇ ವಯಸ್ಸಾಯ್ತು, ಇನ್ನು ಕೈಲಾಗಲ್ಲ ಅಂದ್ಕೊಂಡು, ಹೋದ ವಾರ ದೋಣಿ ಮಾರಿಬಿಟ್ಟೆ ಕಣೋ."