ಬಾಂದುಕಲ್ಲೋ ಗಾಜಿನ ಕಲೆಯೋ

ನಮ್ಮ ಅಡುಗೆಮನೆಯ ಮೇಲಿನ ಗೂಡಿನಲ್ಲಿ ಯಾರೂ ಬೇಯಿಸಿ ಉಣ್ಣದ ಅಕ್ಕಿಯ ಡಬ್ಬವೊಂದಿದೆ. ಅದರೊಳಗೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು, ನನ್ನ ಕ್ಯಾಮೆರಾ ಲೆನ್ಸು ಇಪ್ಪತ್ತೈದು ವರ್ಷಗಳಿಂದ ಮಲಗುತ್ತ ಬಂದಿದೆ. ಪಾಂಡವಪುರದ ನಮ್ಮ ಮನೆ ನಾಲೆಗೆ ಹತ್ತಿರ. ಗೋಡೆಗೂ ಗಾಜಿಗೂ ಬೇಗ ತೇವ ಹತ್ತುತ್ತದೆ. ಅಕ್ಕಿ ತೇವ ಹೀರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಮಾಡಿಕೊಂಡ ಏರ್ಪಾಡು ಇದು. ವರ್ಷಕ್ಕೊಮ್ಮೆ ಹಳೆಯ ಅಕ್ಕಿಯನ್ನು ಕೋಳಿಗೆ ಚೆಲ್ಲಿ ಹೊಸದು ತುಂಬುವಾಗ ನನ್ನ ಹೆಂಡತಿ ಭಾಗ್ಯ ತಪ್ಪದೆ ಕೇಳುತ್ತಾಳೆ: "ನನ್ ಸವತೀಗೆ ಸಣ್ಣಕ್ಕೀನೇ ಆಗ್ಬೇಕಾ? ರೇಷನ್ ಅಕ್ಕಿ ಮ್ಯಾಲೆ ಮಲಗಕ್ಕಿಲ್ವಾ?"

ನಾನು ತಾಲ್ಲೂಕು ವರದಿಗಾರ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಬೈಕಿನಲ್ಲಿ ಅಲೆದು, ಕಂಡದ್ದನ್ನು ಬರೆದು, ಕಾಣದ್ದಕ್ಕೆ 'ಎನ್ನಲಾಗಿದೆ' ಸೇರಿಸಿ ಕಳಿಸುವುದು ನನ್ನ ವೃತ್ತಿ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ಲೆನ್ಸಿಗೆ ಕೆಲಸ ಹೋಯಿತು. ಹೊಸ ಕ್ಯಾಮೆರಾದ ಬಾಯಿಗೆ ಅದು ಸರಿಯಾಗಿಯೇ ಕೂರುತ್ತಿತ್ತು. ಗುಂಡಿ ಒತ್ತಿದರೆ ಮಾತ್ರ ಪರದೆಯ ಮೇಲೆ ದೋಷವೆಂಬ ಬರಹ ಮೂಡಿ ಎಲ್ಲವೂ ಸ್ತಬ್ಧವಾಗುತ್ತಿತ್ತು. ಲೆನ್ಸಿನೊಳಗಿನ ಚಿಪ್ ಹಳೆಯದು, ಕಂಪನಿಗೆ ಕಳಿಸಿದರೆ ಬದಲಾಯಿಸಿ ಕೊಡುತ್ತಾರೆ ಎಂದು ಶ್ರೀರಂಗಪಟ್ಟಣದ ಸ್ಟುಡಿಯೋ ಗೆಳೆಯರೊಬ್ಬರು ಈಚೆಗೆ ಹೇಳಿದರು. ಕಳಿಸುವ ಮುನ್ನ ಟಾರ್ಚು ಬಿಟ್ಟು ನೋಡಿದೆ. ಹಿಂಬದಿಯ ಗಾಜಿನ ಅಂಚಿನಲ್ಲಿ ಸಾಸಿವೆಯಷ್ಟು ದೊಡ್ಡ ಬೂಷ್ಟಿನ ಕಲೆಯೊಂದಿತ್ತು. ಇದು ಎಂದಿನಿಂದ ಇದೆಯೋ ಎಂದು ಅರೆಗಳಿಗೆ ಯೋಚಿಸಿ, ಪೊಟ್ಟಣ ಕಟ್ಟಿ ಕೊರಿಯರಿಗೆ ಹಾಕಿದೆ. ಆ ಅರೆಗಳಿಗೆಯನ್ನು ಇನ್ನೊಂದಿಷ್ಟು ಹಿಗ್ಗಿಸಿದ್ದರೆ, ಸ್ನೇಹಿತರೇ, ಈ ಬರಹವೇ ಇರುತ್ತಿರಲಿಲ್ಲ.

ಹತ್ತು ದಿನಗಳ ಮೇಲೆ ಕ್ಯಾತನಹಳ್ಳಿಯ ಸಾಕಮ್ಮ ಮನೆ ಹುಡುಕಿಕೊಂಡು ಬಂದರು. ಸೀರೆಯ ಸೆರಗಿನೊಳಗಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರಿಂದ ಹಳದಿಯಾದ ಪತ್ರಿಕೆಯ ತುಣುಕನ್ನು ಮೇಜಿನ ಮೇಲೆ ಬಿಡಿಸಿಟ್ಟರು. ನಾಲೆಗೆ ನೀರು ಬಿಟ್ಟ ದಿನ ಅವರ ಊರಿನಲ್ಲಿ ನಾನೇ ತೆಗೆದ ಚಿತ್ರ. ಏರಿಯ ಮೇಲೆ ಜನ, ಹಿಂದೆ ಒಂದು ಬೇವಿನ ಮರ. ಸಾಕಮ್ಮ ಮರದ ಎಡಕ್ಕೆ, ಹುಲ್ಲಿನ ನಡುವಿನ ಕಪ್ಪು ಮಚ್ಚೆಯ ಮೇಲೆ ಬೆರಳಿಟ್ಟರು. "ಇದೇ ಕಣಪ್ಪ ಬಾಂದುಕಲ್ಲು. ನಮ್ ಮೈದ್ನ ಜವರೇಗೌಡ ಕಲ್ಲೇ ಇರ್ಲಿಲ್ಲ ಅಂತಾವ್ನೆ. ಪೇಪರ್ನಾಗೆ ಬಂದದೆ, ಸುಳ್ಳಾದದಾ?"

ವಿಷಯ ಸರಳವಾಗಿತ್ತು. ಎರಡು ಪಾಲಿನ ಗಡಿ ತೋರುವ ಆ ಕಲ್ಲು ಈಗಿಲ್ಲ. ಅಂದು ಅಲ್ಲಿ ಇತ್ತೆಂದಾದರೆ ಮರದ ಪಕ್ಕದ ಗಾಡಿ ದಾರಿ ಸಾಕಮ್ಮನ ಪಾಲಿಗೆ ಸೇರುತ್ತದೆ, ಇಲ್ಲವೆಂದಾದರೆ ಜವರೇಗೌಡರದು. ಅವರು ದಾರಿಗೆ ಮುಳ್ಳು ಎಳೆದಿದ್ದರು. ಒಳಗೆ ಸಾಕಮ್ಮನ ಕಬ್ಬು ಕಡಿಯಲು ಬಂದು ನಿಂತಿತ್ತು, ಟ್ರಾಕ್ಟರು ಹೋಗಲು ಬೇರೆ ದಾರಿಯಿಲ್ಲ. ಸರ್ವೆಗೆ ಕೊಟ್ಟ ಅರ್ಜಿಯ ಸರದಿ ಬರುವಷ್ಟರಲ್ಲಿ ಕಬ್ಬು ಸೂಲಂಗಿ ಹೂ ಬಿಟ್ಟು ಒಣಗುತ್ತದೆ. ಊರಿನ ಪಂಚಾಯ್ತಿಯಲ್ಲಿ ಫೋಟೊ ತೆಗೆದವರ ಮಾತೇ ಕೊನೆಯೆಂದು ಇಬ್ಬರೂ ಒಪ್ಪಿದ್ದರು.

ನಾನು ಚಿತ್ರವನ್ನು ನೋಡಿದೆ. ಮಚ್ಚೆ ಚಿತ್ರದ ಎಡ ಅಂಚಿನ ಹತ್ತಿರವಿತ್ತು. ಅದಕ್ಕೆ ಗಟ್ಟಿ ಅಂಚಿರಲಿಲ್ಲ. ಲೆನ್ಸಿನ ಹಿಂದಿನ ಗಾಜಿನ ಕಲೆ ಬಿರುಬಿಸಿಲಿನಲ್ಲಿ, ಬೆಳಕಿನ ಕಿಂಡಿ ಕಿರಿದಾದಾಗ, ಹೀಗೆಯೇ ಮಬ್ಬಾಗಿ ಬೀಳುತ್ತದೆ. ಹುಲ್ಲು ಮುಚ್ಚಿದ ಕಲ್ಲು ಪತ್ರಿಕೆಯ ಒರಟು ಅಚ್ಚಿನಲ್ಲಿ ಕೂಡ ಹೀಗೆಯೇ ಕಾಣುತ್ತದೆ. ರೀಲನ್ನು ಅಂದಂದೇ ಬಸ್ಸಿನಲ್ಲಿ ಕಚೇರಿಗೆ ಕಳಿಸುತ್ತಿದ್ದ ಕಾಲ ಅದು. ನೆಗೆಟಿವ್ ಎಲ್ಲಿದೆಯೋ ಯಾರಿಗೆ ಗೊತ್ತು? ಉಳಿದ ದಾರಿ ಒಂದೇ, ಅದೇ ಲೆನ್ಸಿನಿಂದ ಖಾಲಿ ಗೋಡೆಯ ಚಿತ್ರ ತೆಗೆದು ಕಲೆ ಎಲ್ಲಿ ಬೀಳುತ್ತದೆಂದು ನೋಡುವುದು. ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಸಂತೋಷದಿಂದ ಹೇಳಿದಳು: "ಚಿಪ್ ಹಾಕಿ ಆಯ್ತು ಸರ್. ಒಳಗೆ ಫಂಗಸ್ ಇತ್ತು, ಅದನ್ನೂ ಕ್ಲೀನ್ ಮಾಡಿದೀವಿ. ಈಗ ಹೊಸದರ ಹಾಗಿದೆ." ನಾನು ಥ್ಯಾಂಕ್ಸ್ ಹೇಳಿದೆ. ಬೇರೇನು ಹೇಳಬಹುದಿತ್ತು?

ಅಂದಿನಿಂದ ಹಳೆಯ ತುಣುಕುಗಳ ಕಡತದಲ್ಲಿ ಮುಳುಗಿದೆ. ಶೀಳನೆರೆಯ ರಾಗಿ ಕಣದ ಚಿತ್ರದಲ್ಲಿ ಎಡಕ್ಕೊಂದು ಮಚ್ಚೆ ಸಿಕ್ಕಿತು. ಭೂತಗನ್ನಡಿ ಹಿಡಿದರೆ ಅದು ಕಾಗೆಯೂ ಇರಬಹುದು. ಬೆಳಗೊಳದ ಚಿತ್ರದಲ್ಲಿ ಮಚ್ಚೆಯಿಲ್ಲ; ಆದರೆ ಅಂದು ಮೋಡವಿತ್ತು, ಕಲೆ ಇದ್ದರೂ ಮೂಡುತ್ತಿರಲಿಲ್ಲ. ನಾನು ಎಷ್ಟು ಹುಡುಕಿದೆನೋ ಅಷ್ಟು ಕಡಿಮೆ ತಿಳಿಯಿತು. ಕಲ್ಲನ್ನು ಅಂದು ಕಣ್ಣಾರೆ ಕಂಡಿದ್ದೆನೇ ಎಂದು ನೆನಪನ್ನು ಕೆದಕಿದರೆ, ಒಮ್ಮೊಮ್ಮೆ ಕಲ್ಲು ಕಾಣುತ್ತದೆ, ಅದರ ಮೇಲೊಬ್ಬ ಕೂತು ಬೀಡಿ ಸೇದುವುದೂ ಕಾಣುತ್ತದೆ. ನೆನಪು ಆ ಚಿತ್ರವನ್ನೇ ನೋಡಿ ಕಟ್ಟಿಕೊಂಡ ಕಥೆಯೋ ಅದು ಎಂಬ ಸಂಶಯ ಹಿಂದೆಯೇ ಬರುತ್ತದೆ. 'ಕಲ್ಲಿತ್ತು' ಎಂದುಬಿಟ್ಟರೆ ಒಬ್ಬ ಹೆಂಗಸಿನ ಕಬ್ಬು ಉಳಿಯುತ್ತಿತ್ತು, ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಆ ಒಂದು ಪದವನ್ನು ಬಾಯಲ್ಲಿ ಇಟ್ಟುಕೊಂಡೇ ಲೆನ್ಸು ಬಂದ ಮಾರನೆಯ ದಿನ ಕ್ಯಾತನಹಳ್ಳಿಗೆ ಹೋದೆ.

ಬೇವಿನ ಮರದಡಿ ಜನ ಸೇರಿದ್ದರು. ಕಲೆಯ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿ, "ನನಗೆ ಗೊತ್ತಿಲ್ಲ" ಎಂದೆ.

ಜವರೇಗೌಡರು ತೊಡೆ ತಟ್ಟಿ ನಕ್ಕರು. "ಪೇಪರ್ನೋರು ಗೊತ್ತಿಲ್ಲ ಅಂದಿದ್ದು ಇದೇ ಮೊದ್ಲು ಕಣ್ರಲಾ! ಇವತ್ತೇ ಬರ್ಕಳಿ."

ಸಾಕಮ್ಮ ನಗಲಿಲ್ಲ. "ನಿನ್ ಗಾಜ್ನಾಗೆ ಕಲೆ ಇದ್ದದ್ದೂ ದಿಟ ಇರ್ಬೌದು, ನನ್ ನೆಲದಾಗೆ ಕಲ್ಲಿದ್ದದ್ದೂ ದಿಟ ಇರ್ಬೌದು ಕಣಪ್ಪ. ಒಂದಿದ್ರೆ ಇನ್ನೊಂದು ಇರ್ಬಾರ್ದಾ?"

ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ. ಕಲ್ಲಿನ ಮೇಲೆಯೇ ಕಲೆ ಬಿದ್ದಿರಬಹುದು! ಜವರೇಗೌಡರು ಅತ್ತಿಗೆಯ ಮುಖ ನೋಡದೆ, ಕಬ್ಬಿನ ಕಡೆ ತಿರುಗಿದರು. ಸೋತೆನೆಂದು ಅವರು ಒಪ್ಪಬೇಕಾಗಿರಲಿಲ್ಲ, ಗೆದ್ದೆನೆಂದೂ ಹೇಳುವಂತಿರಲಿಲ್ಲ. "ಲೇ, ಮುಳ್ಳು ಎತ್ತಾಕ್ರಲಾ," ಎಂದರು ಕೊನೆಗೆ. "ಈ ವರ್ಸ ಟ್ರಾಕ್ಟರು ಓಗ್ಲಿ. ಸರ್ವೆ ಆದ್ಮ್ಯಾಲೆ ನೋಡ್ಕಳನ."

ಟ್ರಾಕ್ಟರು ದಾರಿಗೆ ಇಳಿದಾಗ ನನ್ನ ಕೈ ಅಭ್ಯಾಸಬಲದಿಂದ ಕ್ಯಾಮೆರಾಕ್ಕೆ ಹೋಯಿತು. ಬೆಳಕು ಚೆನ್ನಾಗಿತ್ತು. ಲೆನ್ಸಿಗೆ ಇದು ಮರುಹುಟ್ಟಿನ ಮೊದಲ ಚಿತ್ರವಾಗುತ್ತಿತ್ತು.

"ಬ್ಯಾಡಿ ಸಾ," ಜವರೇಗೌಡರು ಅಂಗೈ ಅಡ್ಡ ಹಿಡಿದರು. "ನಾಳೀಕೆ ಇದೂ ಸಾಕ್ಸಿ ಆಯ್ತದೆ."

ಮುಚ್ಚಳ ಹಾಕಿದೆ. ಟ್ರಾಕ್ಟರು ಬೇವಿನ ಮರವನ್ನು ದಾಟಿ ಕಬ್ಬಿನೊಳಗೆ ಹೋಯಿತು. ಅದು ಯಾರ ನೆಲದ ಮೇಲೆ ಹೋಯಿತೆಂದು ಇಂದಿಗೂ ಬರೆಯಲಾರೆ. ಮನೆಗೆ ಬಂದಾಗ ಭಾಗ್ಯ ಹೊಸ ಅಕ್ಕಿ ತುಂಬಿಟ್ಟಿದ್ದಳು, ಸಣ್ಣಕ್ಕಿಯನ್ನೇ. ಪಂಚೆಯ ತುಂಡಿನಲ್ಲಿ ಲೆನ್ಸನ್ನು ಸುತ್ತುವ ಮುನ್ನ ಟಾರ್ಚು ಬಿಟ್ಟು ಹಿಂಬದಿಯ ಗಾಜನ್ನು ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ. ಇಲ್ಲವೆಂದು ಖಾತ್ರಿಯಾದ ಮೇಲೂ ಇನ್ನಷ್ಟು ಹೊತ್ತು ಹುಡುಕಿದೆ.