ಪಕ್ಕದ ಸೈಟು, ಮಸ್ಕತ್ತಿನ ಓರಗಿತ್ತಿ

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ನೀವು ಬೇರೆಯವರ ಬಾಯಲ್ಲಿ ಕೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು. ಪಂಡಿತರು ಅರಿಷಡ್ವರ್ಗದಲ್ಲಿ ಮತ್ಸರವನ್ನು ಕಟ್ಟಕಡೆಗೆ ಇಟ್ಟಿದ್ದಾರೆ. ಅವರಿಗೆ ಓರಗಿತ್ತಿಯರು ಇರಲಿಲ್ಲ, ಅದಕ್ಕೆ. ಓರಗೆ ಎಂದರೆ ಸಮಾನ. ಒಂದೇ ಮನೆಗೆ ಸೊಸೆಯರಾಗಿ ಬಂದವರು ಸಮಾನರು ಅಂತ ಈ ಪದವನ್ನು ಮಾಡಿದವರು ಖಂಡಿತ ಗಂಡಸರೇ ಇರಬೇಕು.

ನನ್ನ ಓರಗಿತ್ತಿ ಮಂಜುಳ ರಾವಂದೂರಿನ ಕಡೆಯ ಬೇಸಾಯದ ಮನೆಯ ಹುಡುಗಿ. ನರ್ಸಿಂಗ್ ಓದಿ ಮಸ್ಕತ್ತಿಗೆ ಹೋದಳು. ಹಿಂದೆಯೇ ನನ್ನ ಮೈದುನನೂ ಹೋಗಿ ಅಲ್ಲೊಂದು ಅಂಗಡಿಯಲ್ಲಿ ಕೆಲಸ ಹಿಡಿದ. ನಾನು ಹುಣಸೂರಿನಲ್ಲಿ ಪ್ರೈಮರಿ ಸ್ಕೂಲ್ ಟೀಚರು. ಈಗ ಸಂಬಳ, ಆಮೇಲೆ ಪಿಂಚಣಿ. ನೆಮ್ಮದಿಯಾಗಿಯೇ ಇದ್ದೆ, ಅವಳು ಶುಕ್ರವಾರ ಶುಕ್ರವಾರ ಫೋನು ಮಾಡಲು ಶುರುಮಾಡುವ ತನಕ.

ಆ ದೇಶದಲ್ಲಿ ತಮ್ಮಂಥವರಿಗೆ ಪಿಂಚಣಿ ಇಲ್ಲವಂತೆ. ಮುದುಕಿಯಾಗುವ ಕಾಲಕ್ಕೆ ಬೇಕಾದ್ದನ್ನೆಲ್ಲ ಈಗಲೇ ಕೂಡಿಡಬೇಕಂತೆ. ಮೊದಲು ಎನ್ನಾರೈ ಡಿಪಾಜಿಟ್ಟು. ಆಮೇಲೆ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸು ನಿಲ್ಲುವ ಕಡೆ ಬಾಡಿಗೆಗೆಂದು ಒಂದು ಮಳಿಗೆ. ಆಮೇಲೆ ಮ್ಯೂಚುವಲ್ ಫಂಡು ಎಂಬ, ನಾನು ಇವತ್ತಿಗೂ ಅರ್ಥವಾದವಳಂತೆ ತಲೆಯಾಡಿಸುವ ಒಂದು ಪದಾರ್ಥ. ಒಳ್ಳೇದಾಯ್ತು ಬುಡು ಅಂತ ಫೋನಿಟ್ಟು ಅಡುಗೆಮನೆಗೆ ಬಂದರೆ ಪಾತ್ರೆಗಳು ಯಾಕೋ ಜೋರಾಗಿ ಸದ್ದು ಮಾಡುತ್ತಿದ್ದವು. ನಮ್ಮ ಯಜಮಾನರು ಹೊರಗಿನಿಂದಲೇ, ಇವತ್ತು ಶುಕ್ರವಾರವಾ ಎಂದು ಕೇಳುತ್ತಿದ್ದರು.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ನಮ್ಮ ಮನೆಯ ಪಕ್ಕದಲ್ಲಿ, ಮೈಸೂರಿನವರು ಯಾರದೋ, ಒಂದು ಖಾಲಿ ಸೈಟಿತ್ತು. ಅದರಲ್ಲಿ ನಾನು ಚಪ್ಪರ ಹಾಕಿ ಅವರೆ ಹಬ್ಬಿಸಿದ್ದೆ, ಹಪ್ಪಳ ಒಣಗಿಸುತ್ತಿದ್ದೆ, ಮುಂದೆ ಆ ಜಾಗವನ್ನು ಕೊಳ್ಳಲೆಂದೇ ಚೀಟಿ ಕಟ್ಟುತ್ತಿದ್ದೆ. ಒಂದು ಶುಕ್ರವಾರ ಮಂಜುಳ, ಆ ಸೈಟನ್ನು ತಾನು ಕೊಂಡೆನೆಂದೂ ಊರಿನಲ್ಲಿರುವ ಅಣ್ಣ ಓಡಾಡಿ ರಿಜಿಸ್ಟರ್ ಮಾಡಿಸಿದನೆಂದೂ ತಿಳಿಸಿದಳು. ಆ ದಿನ ನನ್ನ ಹೊಟ್ಟೆಯ ಕಿಚ್ಚಿನಲ್ಲಿ ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಗೂಡಿದೆಯಲ್ಲ, ಬ್ಯಾರನ್ನು, ಅಂಥ ಒಂದು ಬ್ಯಾರನ್ ತುಂಬ ಸೊಪ್ಪನ್ನು ಬೇಯಿಸಬಹುದಿತ್ತು.

ಅವಳು ರಜಕ್ಕೆ ಬಂದಾಗ ಇಬ್ಬರೂ ಸೈಟು ನೋಡಲು ಹೋದೆವು. ನೋಡಲು ಏನಿದೆ, ನನ್ನ ಅವರೆ. ಕಾಂಪೌಂಡ್ ಯಾವಾಗ ಎತ್ತಿಸುತ್ತಾಳೆ, ನನ್ನ ಚಪ್ಪರ ಯಾವಾಗ ಕೀಳಿಸುತ್ತಾಳೆ ಅಂತ ಕಾಯುತ್ತಾ ನಿಂತಿದ್ದೆ. ಅವಳೋ ಬ್ಯಾಂಕಿನವರು ತನ್ನನ್ನು ಬೈದದ್ದನ್ನು ಹೇಳಿಕೊಂಡು ನಗುತ್ತಿದ್ದಳು. ಮೈಸೂರಿನ ರಿಂಗ್ ರೋಡಿನ ಹತ್ತಿರ ಕೊಂಡಿದ್ದರೆ ದುಡ್ಡು ಎರಡರಷ್ಟಾಗುತ್ತಿತ್ತಂತೆ. ಮತ್ತೆ ಇಲ್ಲೇ ಯಾಕೆ ಕೊಂಡೆ ಎಂದು ಕೇಳಿಯೇಬಿಟ್ಟೆ. ಕೇಳಿದ ದನಿ ಚೆನ್ನಾಗಿರಲಿಲ್ಲ.

ಅವಳು ಒಂದು ಅವರೆಕಾಯಿ ಕಿತ್ತು ಮೂಸಿದಳು.

"ವಯಸ್ಸಾದ್ಮೇಲೆ ಬಡ್ಡಿ ಕೊಡಕ್ಕೆ ಬ್ಯಾಂಕೈತೆ ಕಣಕ್ಕ. ಜಗಳ ಆಡಕ್ಕೆ ನೀವಲ್ದೆ ನಂಗಿನ್ಯಾರವ್ರೆ?"

ನನಗೆ ಕಣ್ಣು ತುಂಬಿತು. ಜೊತೆಗೇ ಹೊಸದೊಂದು ಹೊಟ್ಟೆಕಿಚ್ಚೂ ಹತ್ತಿಕೊಂಡಿತು. ಪಿಂಚಣಿ ಬರುತ್ತದೆಂದು ಬೀಗುತ್ತಿದ್ದ ನನಗೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ಯಾರ ಜೊತೆ ಕೂತಿರುತ್ತೇನೆ ಎಂಬ ಯೋಚನೆಯೇ ಬಂದಿರಲಿಲ್ಲ. ಅದನ್ನೂ ಇವಳೇ ನನಗಿಂತ ಮೊದಲು ಯೋಚಿಸಿದ್ದಳು.

ಉಳಿತಾಯ ಅನ್ನುವುದನ್ನು ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದಂತೆ. ಹಾಗಾಗಿ ಮುದಿತನಕ್ಕೆ ಕಾಯದೆ, ನೀನು ಇಲ್ಲಿ ಮನೆ ಕಟ್ಟುವಾಗ ಅಡುಗೆಮನೆಯ ಕಿಟಕಿಯನ್ನು ನನ್ನ ಕಡೆಗೆ ಇಡಕೂಡದು ಎಂದು ಅಲ್ಲೇ ಜಗಳ ತೆಗೆದೆ. ಅವಳು ಇಟ್ಟೇ ಇಡುತ್ತೇನೆ ಎಂದಳು.